ಅಟ್ಟದ ಮ್ಯಾಲಿನ ಗೇಮಿನ ಡಬ್ಬಿ



ಹೋದ ತಿಂಗಳ ಭಿಶಿ ನಮ್ಮನ್ಯಾಗ ಇತ್ತಲ್ಲಾ, ಬಂದವರಿಗೆಲ್ಲಾ ನೆನಪಿದ್ದೀತು. ಗಿರಮಿಟ್ಟು, ಮಿರ್ಚಿ ಮುಗಿದು ಚಹಾ ಕುಡಿಯೂ ಹೊತ್ತಿಗೆ ಒಳಗಿನ ಖೋಲಿಯಿಂದ ಗಾಡಿ ಓಡೂ ಸಪ್ಪಳ, ಅದರ ಬೆನ್ನಿಗೇ ಹಾಡು ಕೇಳಸ್ಲಿಕ್ಕೆ ಶುರು ಆತು. ಎದುರು ಮನಿ ವೈನಿ ಬಗ್ಗಿ ನೋಡಿ, "ಅಲ್ರೀ, ಮೂವತ್ತೆರಡು ವರ್ಷದ ಮಗಾ ಇನ್ನೂ ವಿಡಿಯೋ ಗೇಮ್ ಆಡ್ತಾನೇನ್ರೀ?" ಅಂತ ಕೇಳಿದ್ರು. ವೈನಿ ಚ್ಯಾಷ್ಟಿಗೆ ಕೇಳಿದ್ದು, ನನಗ ಗೊತ್ತದ. ನಾನೂ ನಕ್ಕು, "ಹೂಂ ಆಡ್ತಾನ್ರಿ, ಇನ್ನೊಂದು ಮಿರ್ಚಿ ತಗೋರಿ" ಅಂದೆ. ಆದ್ರ ರಾತ್ರಿ ಮಲಗಿದ ಮ್ಯಾಲೆ ಆ ಮಾತು ತಲಿಯೊಳಗ ತಿರಗ್ಲಿಕ್ಕೆ ಹತ್ತಿತು.

ಯಾಕಂದ್ರ ಅದೇ ಮಾತು ಹದಿನೈದು ವರ್ಷದ ಹಿಂದ ನಾನ ದಿನಾ ಅಂತಿದ್ದೆ. "ಪಮ್ಯಾ, ಅದನ್ನ ಬಂದ್ ಮಾಡು, ಓದಲಿಕ್ಕೆ ಕೂಡು." ಈಗ ಪಮ್ಯಾ ಮನಿಗೆ ಬಂದು ಮೂರು ತಿಂಗಳಾತು. ಮುಚ್ಚಿಡೂದೇನದ? ಅವನ ಕಂಪನಿಯವರು ಮಂದಿ ಕಡಿಮಿ ಮಾಡಿದ್ರು, ಅದರಾಗ ಇವನೂ ಒಬ್ಬ. ಬಂದ ಮೊದಲಿನ ಹದಿನೈದು ದಿನಾ ಊಟಕ್ಕ ಕರದ್ರ ಬರ್ತಿದ್ದ, ಉಂಡು ಒಳಗ ಹೋಗ್ತಿದ್ದ. ಮಾತಿಲ್ಲ ಕಥಿಯಿಲ್ಲ. ಒಂದಿನ ಹಪ್ಪಳದ ಡಬ್ಬಿ ತಗೀಲಿಕ್ಕೆ ಅಟ್ಟ ಏರಿದಾಗ ಅವನ ಹಳೇ ಗೇಮಿನ ಡಬ್ಬಿ ಕಂಡಿತು. ಕೆಳಗಿಳಿಸಿ ಧೂಳಾ ಒರಸಿ ಅವನ ಮುಂದ ಇಟ್ಟೆ. ಅವತ್ತಿನಿಂದ ನಮ್ಮ ತಾಯಿ ಮಗನ ಮಾತು ಶುರು ಆತು ನೋಡ್ರಿ. ಅಂವಾ ಹೇಳ್ಕೋತ ಹೋದ, ನಾನು ಹಾಲಿನ ಲೆಕ್ಕದ ವಹಿಯೊಳಗ ಬರ್ಕೋತ ಹೋದೆ. ಮನಿಗೆಲಸದ ಹೊರತು ನಾನು ಬರದ ಮೊದಲನೇ ಇತಿಹಾಸ ಇದು.

ಮೊದಲಿಗೆ ಗಾಡಿ ಓಡಸೂ ಆಟದ ಕಥಿ.

1974ರಾಗ ಅಮೇರಿಕಾದ ಅಟಾರಿ ಅನ್ನೋ ಕಂಪನಿ "ಗ್ರಾನ್ ಟ್ರ್ಯಾಕ್ 10" ಅಂತ ಒಂದು ಆಟ ತಂದಿತು. ಆವಾಗ ಇವು ಮನ್ಯಾಗ ಆಡೂ ಆಟ ಅಲ್ಲ. ಕಪಾಟಿನಷ್ಟು ದೊಡ್ಡ ಪೆಟ್ಟಿಗಿ ಅಂಗಡ್ಯಾಗ ನಿಂತಿರ್ತಿತ್ತು, ನಾಣ್ಯ ಹಾಕಿ ಆಡಬೇಕು. ಅದಕ್ಕ ಖರೇನ ಸ್ಟೇರಿಂಗು, ಗೇರು, ಕಾಲಿಗೆ ಎರಡು ಪೆಡಲ್ ಇದ್ವು. ಪರದಿ ಮ್ಯಾಲೆ ಬಣ್ಣ ಇಲ್ಲ, ಕಪ್ಪು ಬಿಳಿ. ಚುಕ್ಕಿ ಚುಕ್ಕಿಲೆ ರಸ್ತಾ ಬರದಿದ್ರು, ಆಕಾಶದಾಗಿಂದ ನೋಡಿದಂಗ ಕಾಣ್ತಿತ್ತು. ನಾವು ಅಂಗಳದಾಗ ಚುಕ್ಕಿ ರಂಗೋಲಿ ಹಾಕಿದಂಗ ಅಂತ ತಿಳ್ಕೋರಿ.

1982ಕ್ಕ ಜಪಾನಿನ ನ್ಯಾಮ್ಕೊ ಕಂಪನಿಯ "ಪೋಲ್ ಪೊಸಿಷನ್" ಬಂತು. ಇದರಾಗ ಗಾಡಿಯ ಹಿಂದ ನಿಂತು ನೋಡಿದಂಗ ರಸ್ತಾ ಕಾಣ್ತದ, ತಿರುವು ನಮ್ಮ ಕಡೆನ ಓಡಿ ಬರ್ತದ. ರೇಸ್ ಆಗೂದು ಜಪಾನಿನ ಫುಜಿ ಸ್ಪೀಡ್‌ವೇ ಅನ್ನೋ ಖರೇ ಜಾಗಾದಾಗ. ಇವತ್ತಿಗೂ ಬಹುತೇಕ ಎಲ್ಲಾ ರೇಸಿನ ಆಟ ಹಿಂಗ ಹಿಂದಿನಿಂದ ನೋಡೂವಂಥಾವ ಅಂತಾನ ಪಮ್ಯಾ.

ನನಗ ಸೇರಿದ್ದು 1986ರ "ಔಟ್ ರನ್". ಸೇಗಾ ಕಂಪನಿಯ ಯೂ ಸುಝುಕಿ ಅನ್ನೋರು ಮಾಡಿದ್ದು. ಗಾಡಿ ಶುರು ಮಾಡೂಕಿಂತ ಮೊದಲ ಪರದಿ ಮ್ಯಾಲೆ ಒಂದು ರೇಡಿಯೋ ಬರ್ತದ! ಮೂರು ಧಾಟಿ ಇರ್ತಾವ, ನಿಮಗ ಬೇಕಾದದ್ದು ಹಚ್ಕೊಂಡು ಆಮ್ಯಾಲೆ ಹೊರಡಬೇಕು. ಸಂಗೀತ ಮಾಡಿದವರು ಹಿರೋಶಿ ಕವಾಗುಚಿ. ರಸ್ತಾ ಅಲ್ಲಲ್ಲೆ ಕವಲು ಒಡೀತದ. ಎಡಕ್ಕ ಹೋದ್ರ ಒಂದು ಊರು, ಬಲಕ್ಕ ಹೋದ್ರ ಇನ್ನೊಂದು. ಕಡೀಗೆ ಮುಟ್ಟೂ ಜಾಗಾ ಐದು. ಮಗ್ಗಲದಾಗ ಒಬ್ಬಾಕಿ ಹುಡಿಗಿ ಕೂತಿರ್ತಾಳ. ಇದು ರೇಸ್ ಅಲ್ಲ, ಸುಮ್ನ ಗಾಡಿ ತಗೊಂಡು ತಿರಗಾಡಿ ಬರೂ ಆಟ ಅಂತ ಸುಝುಕಿಯವರ ವಿಚಾರ. "ಹಾಡು ಹಚ್ಕೊಂಡು ಗಾಡಿ ಓಡಸೂ ಸುಖಾ ಇಲ್ಲಿಂದ ಶುರು ಆತವ್ವಾ" ಅಂದ ಪಮ್ಯಾ.

1992ರಾಗ ನಿಂಟೆಂಡೊದವರು "ಸೂಪರ್ ಮಾರಿಯೋ ಕಾರ್ಟ್" ಮಾಡಿದ್ರು. ಅಷ್ಟೊತ್ತಿಗೆ ಆಟದ ಮಷೀನು ಮನಿಯೊಳಗ ಬಂದು ಟಿ.ವಿ.ಗೆ ಜೋಡಿಸಿ ಆಗಿತ್ತು. ಟಿ.ವಿ. ಪರದಿ ಎರಡು ಭಾಗ ಮಾಡಿ ಇಬ್ಬರು ಕೂಡೇ ಆಡಬಹುದು. ಇದರೊಳಗಿನ ಒಂದು ಯುಕ್ತಿ ಕೇಳ್ರಿ: ಹಿಂದ ಬಿದ್ದವರಿಗೆ ಛಲೋ ಛಲೋ ಸಾಮಾನು ಸಿಗ್ತಾವ, ಮುಂದ ಇದ್ದವರಿಗೆ ಬಾಳೆಹಣ್ಣಿನ ಸಿಪ್ಪಿ ಅಂಥಾವು. ಪಮ್ಯಾನ ಪ್ರಕಾರ ಇದು ಅನ್ಯಾಯ, ಶಾಣ್ಯಾ ಇದ್ದಾಂವ ಸೋಲ್ತಾನ. ನನಗ ಹಂಗ ಅನಸ್ಲಿಲ್ಲ. ಸಣ್ಣ ಕೂಸು, ದೊಡ್ಡಾಂವ ಕೂಡಿ ಆಡೂ ಮನಿಗೆ ಅದ ಸರಿ. ನಾವೂ ಚೌಕಾಬಾರಾ ಆಡೂಮುಂದ ಸಣ್ಣವರಿಗೆ ಒಂದು ಆಟ ಬಿಟ್ಟು ಕೊಡ್ತಿದ್ವಿ ಇಲ್ಲೋ?

ಆಮ್ಯಾಲೆ ಆಟ ಸಿ.ಡಿ. ಮ್ಯಾಲೆ ಬಂದ್ವು. 1994ರ ಡಿಸೆಂಬರ್‌ದಾಗ ಜಪಾನಿನೊಳಗ ಸೋನಿಯವರ ಪ್ಲೇಸ್ಟೇಷನ್ ಬಂದಾಗ ಅದರ ಜೋಡಿ "ರಿಡ್ಜ್ ರೇಸರ್" ಅಂತ ಗಾಡಿ ಆಟ ಬಂತು. ಇಡೀ ಆಟ ಒಮ್ಮೆ ಮಷೀನಿನ ನೆನಪಿನೊಳಗ ಹೋಗಿ ಕೂತು ಬಿಡ್ತಿತ್ತಂತ. ಆಮ್ಯಾಲೆ ಗೇಮಿನ ಸಿ.ಡಿ. ಹೊರಗ ತಗದು ನಮ್ಮ ಹಾಡಿನ ಸಿ.ಡಿ. ಹಾಕಿದ್ರ, ಆ ಹಾಡಿಗೆ ರೇಸ್ ನಡೀತಿತ್ತು! ಇದು ಕೇಳಿ ನಾನು, "ಅಂದ್ರ ಭೀಮಸೇನ ಜೋಶಿಯವರ ಅಭಂಗ ಹಾಕಿ ಗಾಡಿ ಓಡಸಬಹುದಿತ್ತೇನೋ?" ಅಂದೆ. "ಓಡಸಬಹುದಿತ್ತವ್ವಾ" ಅಂದ. ಅವತ್ತು ಅಂವಾ ನಕ್ಕಿದ್ದು ಅಂದ್ರ, ಬಂದ ಮ್ಯಾಲೆ ಮೊದಲನೇ ಸಲ.

1997ರ ಕಡೀಕೆ ಬಂದ "ಗ್ರಾನ್ ಟುರಿಸ್ಮೊ" ಒಂದು ಕೋಟಿಗೂ ಹೆಚ್ಚು ಪ್ರತಿ ಮಾರಾಟ ಆತು. ಕಝುನೊರಿ ಯಮಾಉಚಿ ಅನ್ನೋರ ಮುಂದಾಳತನದಾಗ ಮಾಡಿದ್ದು. ಇದರೊಳಗ ಮೊದಲು ಲೈಸನ್ಸಿನ ಪರೀಕ್ಷಾ ಪಾಸಾಗಬೇಕು. ಕೈಯಾಗ ಸ್ವಲ್ಪ ರೊಕ್ಕಾ ಕೊಟ್ಟಿರ್ತಾರ, ಅದರಾಗ ಒಂದು ಹಳೇ ಗಾಡಿ ತಗೋಬೇಕು, ರೇಸ್ ಗೆದ್ದು ರೊಕ್ಕಾ ಕೂಡಿಸಿ ಅದನ್ನ ಸುಧಾರಿಸಬೇಕು. "ಇದು ಸಂಸಾರ ಇದ್ದಂಗ, ಭಾಳ ದಿನಾ ತಾಳ್ಕೋಬೇಕು" ಅಂತಾನ ಪಮ್ಯಾ. ಅವಂಗ ಇನ್ನೂ ಸಂಸಾರ ಇಲ್ಲ, ಮಾತು ಮಾತ್ರ ದೊಡ್ಡವು.

ನಮ್ಮ ಕಡೆ ಹುಡುಗ್ರು ಮೊದಲು ಹುಚ್ಚಾಗಿದ್ದು "ರೋಡ್ ರ್‍ಯಾಶ್"ಗೆ. ಇದು ಶುರು ಆಗಿದ್ದು 1991ರಾಗ, ಕಂಪ್ಯೂಟರಿಗೆ ಬಂದಿದ್ದು 1996ರಾಗ. ಕ್ಯಾಲಿಫೋರ್ನಿಯಾದ ರಸ್ತಾದಾಗ ಬೈಕ್ ಓಡಿಸ್ಕೋತ ಮಗ್ಗಲದಾಂವಗ ಒದೀಬೇಕು, ಬಡಗಿ ಕಸಗೊಂಡು ಹೊಡೀಬೇಕು, ಪೋಲೀಸರ ಕೈಯಾಗ ಸಿಗಬಾರದು. ನಮ್ಮ ಅಕ್ಕನ ಮನ್ಯಾಗ ಕಂಪ್ಯೂಟರ್ ಬಂದಾಗ ಅವರ ಮಕ್ಕಳು, ಪಮ್ಯಾ ಕೂಡಿ ಇದನ್ನ ಆಡೂದು ನೋಡಿ ನನ್ನ ಎದಿ ಧಸಕ್ ಅಂದಿತ್ತು. ಈ ಹುಡುಗ್ರು ನಾಳೆ ರಸ್ತಾದಾಗ ಹಿಂಗ ಮಾಡಿದ್ರ ಹೆಂಗ ಅಂತ. ಪಮ್ಯಾ ಈಗ ಸ್ಕೂಟಿ ಓಡಸೂದು ನೋಡ್ರಿ, ನಮ್ಮ ಓಣ್ಯಾಗ ಅವನಷ್ಟು ಸಾವಕಾಶ ಯಾರೂ ಓಡಸೂದಿಲ್ಲ. ಹಿಂದಿನವರು ಹಾರ್ನ್ ಹೊಡೀತಾರ!

ಇನ್ನ ಸ್ಕೇಟಿಂಗ್ ಆಟಕ್ಕ ಬರೂಣು. ನಮ್ಮಲ್ಲೆ ಸ್ಕೇಟಿಂಗ್ ಅಂದ್ರ ಬೂಟಿಗೆ ಗಾಲಿ ಕಟ್ಕೊಂಡು ಓಡೂದು. ಇದು ಹಂಗಲ್ಲ. ನಾಲ್ಕು ಗಾಲಿ ಇರೋ ಒಂದು ಹಲಗಿ ಮ್ಯಾಲೆ ನಿಂತು ಹಾರೂದು, ತಿರಗೂದು. ಕಾಲು ಕಟ್ಟಿರೂದಿಲ್ಲ, ಬಿದ್ದ್ರ ಬಿದ್ರಿ.

ಇದರ ಮೊದಮೊದಲಿನ ಆಟದಾಗ ಒಂದು, 1986ರ ಅಟಾರಿಯ "720 ಡಿಗ್ರಿ". ಹುಡುಗಾ ರಸ್ತಾದಾಗ ಹೊತ್ತುಗಳೆದ್ರ ಜೇನುಹುಳ ಬೆನ್ನು ಹತ್ತತಿದ್ವು. ಯಾಕಂದ್ರ ಇದು ನಾಣ್ಯ ಹಾಕೂ ಆಟ. ಒಬ್ಬಾಂವ ಒಂದ ನಾಣ್ಯದಾಗ ತಾಸುಗಟ್ಟಲೆ ನಿಂತ್ರ ಅಂಗಡಿಯವಂಗ ಲುಕ್ಸಾನು. ಅದಕ್ಕ ಹಳೇ ಆಟ ಎಲ್ಲಾ ಹಿಂಗ ಗಡಿಬಿಡಿ ಮಾಡ್ತಾವ. ಔಟ್ ರನ್‌ದಾಗೂ ವ್ಯಾಳ್ಯಾ ಮುಗೀತಂದ್ರ ಗಾಡಿ ನಿಂತ ಹೋಗ್ತದ.

ಆದ್ರ ಹೆಸರು ಮಾಡಿದ್ದು "ಟೋನಿ ಹಾಕ್ಸ್ ಪ್ರೋ ಸ್ಕೇಟರ್". ಟೋನಿ ಹಾಕ್ ಅಮೇರಿಕಾದ ಸ್ಕೇಟ್‌ಬೋರ್ಡ್ ಆಟಗಾರ. 1999ರ ಜೂನ್ 27ಕ್ಕ ಸ್ಯಾನ್ ಫ್ರಾನ್ಸಿಸ್ಕೋದೊಳಗ, ಎಲ್ಲಾರ ಮುಂದ, ಗಾಳಿಯೊಳಗ ಎರಡೂವರೆ ಸುತ್ತು ತಿರಗಿ ಸರಿಯಾಗಿ ಇಳದ. ಸ್ಪರ್ಧಾದೊಳಗ ಅದನ್ನ ಮಾಡಿದವರೊಳಗ ಅಂವನ ಮೊದಲನೇದವ. ಅದಕ್ಕ ಮೊದಲು ಎಷ್ಟು ಸಲ ಬಿದ್ದಿದ್ದ. ಅವತ್ತೂ ಬಿದ್ದು ಬಿದ್ದು ಎದ್ದ. ಆವಾಗ ಅವಂಗ 31 ವರ್ಷ ವಯಸ್ಸು. ಹಲಗಿ ಮ್ಯಾಲೆ ಕುಣಿಯೂದು ಹುಡುಗ್ರ ಆಟ ಅನ್ನೋ ವಯಸ್ಸು ಅಲ್ಲೇನ್ರಿ ವೈನಿ? ಅದೇ ವರ್ಷ ಕೆಲವ ತಿಂಗಳದಾಗ ಅವನ ಹೆಸರಿನ ಆಟ ಪ್ಲೇಸ್ಟೇಷನ್‌ಗೆ ಬಂತು. ಮಾಡಿದವರು ನೆವರ್‌ಸಾಫ್ಟ್, ಮಾರಿದವರು ಆಕ್ಟಿವಿಷನ್.

ಈ ಆಟದಾಗ ಒಂದು ಸರತಿಗೆ ಬರೇ ಎರಡು ಮಿನಿಟು. ಅಷ್ಟರಾಗ ಹಾರಬೇಕು, ಕಂಬಿ ಮ್ಯಾಲೆ ಜಾರಬೇಕು, ಅಲ್ಲಲ್ಲೆ ಬಚ್ಚಿಟ್ಟ ಅಕ್ಷರ ಆರಸ್ಕೋಬೇಕು. "ಎರಡು ಮಿನಿಟ್ ಅಂದ್ರ ಸರಿಯಾದ ಅಳತಿ ಅವ್ವಾ, ಸೋತ್ರೂ ಸಿಟ್ಟು ಬರೂದಿಲ್ಲ, ಇನ್ನೊಂದು ಸಲ ಅನಸ್ತದ" ಅಂತಾನ. ನಾನಂದೆ, "ಹಂಗ ಇನ್ನೊಂದು ಸಲ ಅಂತ ರಾತ್ರಿ ಹನ್ನೊಂದು ಮಾಡ್ತಿದ್ದಿ." 2000ದಾಗ ಬಂದ ಎರಡನೇ ಭಾಗ ಅವನ ಪ್ರಕಾರ ಮೊದಲಿನದಕ್ಕಿಂತ ಮೇಲು. ಅದರಾಗ ಎರಡೇ ಗಾಲಿ ಮ್ಯಾಲೆ ತೂಗಿಸ್ಕೋತ ಮುಂದ ಹೋಗಲಿಕ್ಕೆ ಬರ್ತದ, ಅದರಿಂದ ಒಂದು ಕಸರತ್ತಿಗೆ ಇನ್ನೊಂದನ್ನ ಮಾಲಿ ಪೋಣಿಸಿದಂಗ ಪೋಣಿಸಬಹುದು.

ಇಲ್ಲಿ ಹಾಡೂ ಭಾಳ ಮುಖ್ಯ. ಪೇಟಿಯೊಳಗ ಸಿಗದ ಸಣ್ಣ ಸಣ್ಣ ಪಂಕ್ ಬ್ಯಾಂಡಿನವರ ಹಾಡು ಈ ಆಟದಾಗ ಹಾಕಿದ್ರು. ಗೋಲ್ಡ್‌ಫಿಂಗರ್ ಅನ್ನೋ ಬ್ಯಾಂಡನ್ನ ಎಷ್ಟೋ ದೇಶದ ಹುಡುಗ್ರು ಕೇಳಿದ್ದ ಈ ಆಟದಿಂದ. ಅಂದ್ರ ನಮ್ಮ ಧಾರವಾಡದ ಹುಡುಗಾ ಒಬ್ಬಾಂವ, ಕ್ಯಾಲಿಫೋರ್ನಿಯಾದ ಬ್ಯಾಂಡಿನ ಹಾಡು ಬಚ್ಚಲಮನ್ಯಾಗ ಗುನುಗುನು ಅಂದ್ಕೋತ ಸ್ನಾನ ಮಾಡ್ತಿದ್ದದ್ದು ಹಿಂಗ.

ಹೆಣ್ಮಕ್ಕಳ ಸಲುವಾಗಿ ಒಂದು ಮಾತು. ಮೊದಲನೇ ಆಟದಾಗ ಆರಸ್ಕೊಳ್ಳಲಿಕ್ಕೆ ಹತ್ತು ಮಂದಿ ಆಟಗಾರರು ಇದ್ರು. ಅದರೊಳಗ ಒಬ್ಬಾಕಿನ ಹೆಣ್ಣುಮಗಳು, ಎಲಿಸಾ ಸ್ಟೀಮರ್. ಖರೇ ಆಟಗಾರ್ತಿ, ಕಾಲ್ಪನಿಕ ಅಲ್ಲ. ಮುಂದ 2021ರಾಗ ಟೋಕಿಯೋ ಒಲಿಂಪಿಕ್ಸ್‌ನ್ಯಾಗ ಸ್ಕೇಟ್‌ಬೋರ್ಡ್ ಸೇರಿದಾಗ ಜಪಾನಿನ ಮೊಮಿಜಿ ನಿಶಿಯಾ ಅನ್ನೋ 13 ವರ್ಷದ ಹುಡಿಗಿ ಬಂಗಾರದ ಪದಕ ಗೆದ್ದಳು. ನಮ್ಮ ದೇಶದಾಗೂ ಮಧ್ಯಪ್ರದೇಶದ ಪನ್ನಾ ಜಿಲ್ಲಾದ ಜನ್ವಾರ್ ಅನ್ನೋ ಹಳ್ಳ್ಯಾಗ ಮಕ್ಕಳಿಗೆ ಇಂಥಾ ಮೈದಾನ ಕಟ್ಯಾರ. ಅಲ್ಲೆ ಎರಡು ಕಾಯ್ದೆ: ಸಾಲಿಗೆ ಹೋಗದವರಿಗೆ ಹಲಗಿ ಇಲ್ಲ, ಮತ್ತ ಹುಡುಗ್ಯಾರಿಗೆ ಮೊದಲು. ನನಗ ಭಾಳ ಸೇರಿತು.

ಸ್ಕೇಟಿಂಗು ಹಾಡು ಎರಡೂ ಗಂಟು ಹಾಕಿದ ಆಟ ಅಂದ್ರ ಸೇಗಾದವರ 2000ದ "ಜೆಟ್ ಸೆಟ್ ರೇಡಿಯೋ". ಇದರಾಗ ಬೂಟಿಗೆ ಗಾಲಿ ಕಟ್ಕೊಂಡ ಹುಡುಗ್ರು ಟೋಕಿಯೋದ ಗ್ವಾಡಿಗೆ ಬಣ್ಣ ಹೊಡೀತಾರ, ಕದ್ದು ನಡಸೂ ಒಂದು ರೇಡಿಯೋ ಅವರಿಗೆ ಸುದ್ದಿ ಹೇಳ್ತದ. ಚಿತ್ರ ಎಲ್ಲಾ ಕೈಲೆ ಬರದ ಕಾರ್ಟೂನಿನಂಗ. ಹಿದೆಕಿ ನಗನುಮಾ ಅವರ ಸಂಗೀತ ಪಮ್ಯಾಗ ಎಲ್ಲಾದಕ್ಕಿಂತ ಮೇಲು. ನನಗ ಅದು ಗದ್ದಲ ಅನಸ್ತು, ಗ್ವಾಡಿ ಹೊಲಸು ಮಾಡೂದಂತೂ ಸೇರಲಿಲ್ಲ.

ಈಗ ಹಾಡಿನ ಆಟ. ಇದನ್ನ ಕಡೀಕೆ ಇಟ್ಟೇನಿ, ಯಾಕಂದ್ರ ಇದರಾಗ ನನ್ನದೊಂದು ತಪ್ಪು ಅದ.

1996ರ ಡಿಸೆಂಬರ್‌ದಾಗ ಜಪಾನಿನೊಳಗ "ಪರಪ್ಪಾ ದ ರ್‍ಯಾಪರ್" ಬಂತು. ಹೆಸರು ಕೇಳಿ ನಮ್ಮ ಕಡೇ ಯಾರೋ ಪರಪ್ಪ ಅಂತ ತಿಳ್ಕೊಂಡೆ! ಅದು ಟೊಪಿಗಿ ಹಾಕ್ಕೊಂಡ ಒಂದು ನಾಯಿಮರಿ. ಮಾಡಿದವರು ಮಸಾಯಾ ಮತ್ಸೂರಾ. ಅವರು ಖುದ್ದ ಬ್ಯಾಂಡಿನಾಗ ಇದ್ದ ಸಂಗೀತಗಾರರು. ಚಿತ್ರ ಬರದವರು ಅಮೇರಿಕಾದ ರಾಡ್ನಿ ಗ್ರೀನ್‌ಬ್ಲಾಟ್. ಗುರುಗಳು ಒಂದು ಸಾಲು ಹಾಡ್ತಾರ, ನಾವು ಅದೇ ತಾಳಕ್ಕ ಗುಂಡಿ ಒತ್ತಿ ತಿರಗಿ ಹೇಳಬೇಕು. ಒಬ್ಬ ಗುರು ಉಳ್ಳಾಗಡ್ಡಿ, ಕರಾಟೆ ಕಲಸ್ತಾನ. ಇನ್ನೊಬ್ಬಾಕಿ ಗಾಡಿ ಓಡಸೂದು ಕಲಸ್ತಾಳ. ಮತ್ತ ಒಂದು ಕೋಳಿ, ಟಿ.ವಿ.ಯೊಳಗ ಅಡಗಿ ಕಾರ್ಯಕ್ರಮ ಮಾಡೂದು, ಕೇಕ್ ಮಾಡೂದು ಕಲಸ್ತದ! ತಾಳದಾಟಕ್ಕ ದಾರಿ ಹಾಕಿ ಕೊಟ್ಟದ್ದು ಈ ನಾಯಿಮರಿನ.

ಮುಂದಿನ ವರ್ಷ ಕೊನಾಮಿ ಕಂಪನಿ "ಬೀಟ್‌ಮೇನಿಯಾ" ತಂದಿತು, ಐದು ಕೀಲಿ ಮತ್ತ ಒಂದು ತಿರಗೂ ತಟ್ಟಿ. 1998ರಾಗ ಅವರದ "ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್". ಇದಕ್ಕ ಕೈ ಬ್ಯಾಡ, ಕಾಲು ಬೇಕು. ಕೆಳಗ ನಾಲ್ಕು ಬಾಣ: ಮುಂದ, ಹಿಂದ, ಎಡಕ್ಕ, ಬಲಕ್ಕ. ಪರದಿ ಮ್ಯಾಲೆ ಬಾಣ ಬಂದಂಗ ತಾಳಕ್ಕ ಸರಿಯಾಗಿ ತುಳೀಬೇಕು. ನಮ್ಮ ಕುಂಟಬಿಲ್ಲಿಗೆ ಹಾಡು ಹಚ್ಚಿದಂಗ. 2006ರಾಗ ಅಮೇರಿಕಾದ ವೆಸ್ಟ್ ವರ್ಜೀನಿಯಾ ರಾಜ್ಯದವರು ಮಕ್ಕಳ ಬೊಜ್ಜು ಇಳಸೂ ಸಲುವಾಗಿ ಇದನ್ನ ಸರಕಾರಿ ಸಾಲ್ಯಾಗ ಇಡೂ ಯೋಜನಾ ಹಾಕಿದ್ರು.

ಆಮ್ಯಾಲೆ "ಗಿಟಾರ್ ಹೀರೋ", 2005ರ ನವೆಂಬರ್. ಮಾಡಿದ ಹಾರ್ಮೋನಿಕ್ಸ್ ಕಂಪನಿಯನ್ನ ಎಂ.ಐ.ಟಿ.ಯೊಳಗ ಓದಿದ ಇಬ್ಬರು, ಅಲೆಕ್ಸ್ ರಿಗೋಪುಲೋಸ್ ಮತ್ತ ಎರಾನ್ ಎಗೋಝಿ, 1995ರಾಗ ಶುರು ಮಾಡಿದ್ರು. ಸಂಗೀತ ಬರದವರಿಗೂ ಬಾರಸೂ ಆನಂದ ಸಿಗಬೇಕು ಅನ್ನೂದು ಅವರ ಆಶಾ. ಹತ್ತು ವರ್ಷ ಏನೇನೋ ಮಾಡಿದ್ರು, ಹೊಗಳಿಕಿ ಬಂತು, ರೊಕ್ಕಾ ಬರಲಿಲ್ಲ. ಪ್ಲಾಸ್ಟಿಕ್ಕಿನ ಗಿಟಾರ್ ಕೈಯಾಗ ಕೊಟ್ಟ ಮ್ಯಾಲೆ ಮಂದಿ ಮುಗಿಬಿದ್ರು. ಹಸರು, ಕೆಂಪು, ಹಳದಿ, ನೀಲಿ, ಕಿತ್ತಳಿ ಅಂತ ಐದು ಗುಂಡಿ. ಪರದಿ ಮ್ಯಾಲೆ ಅದೇ ಬಣ್ಣದ ಬಿಲ್ಲಿ ಇಳದು ಬರ್ತಾವ. ಎಡಗೈಲೆ ಗುಂಡಿ ಹಿಡದು ಬಲಗೈಲೆ ಮೀಟಬೇಕು. ತಪ್ಪಿದ್ರ ಹಾಡಿನೊಳಗಿನ ಗಿಟಾರಿನ ದನಿ ಮಾಯ. 2007ರ ಮೂರನೇ ಭಾಗದ ಮಾರಾಟ ನೂರು ಕೋಟಿ ಡಾಲರ್ ದಾಟಿತು. ಅದೇ ವರ್ಷ ಹಾರ್ಮೋನಿಕ್ಸ್‌ನವರು ಡ್ರಮ್ಮು, ಮೈಕು ಎಲ್ಲಾ ಸೇರಿಸಿ "ರಾಕ್ ಬ್ಯಾಂಡ್" ಮಾಡಿದ್ರು. 2009ಕ್ಕ ಬೀಟಲ್ಸ್‌ನವರ ಹಾಡಿನ ಆಟಾನೂ ಬಂತು.

ನಮ್ಮ ಮನಿಗೆ ಆ ಗಿಟಾರ್ ಬಂದಿದ್ದು 2008ರಾಗ. ಅಮೇರಿಕಾದಾಗಿರೋ ನಮ್ಮ ಮೈದುನಾ ಸೂಟಕೇಸಿನೊಳಗ ಅರಿವಿ ನಡುವ ಸುತ್ತಿ ತಂದಿದ್ದ. ಪಮ್ಯಾ ಎಷ್ಟು ಖುಷಿ ಆಗಿದ್ನಂದ್ರ ಮಗ್ಗಲದಾಗ ಇಟ್ಕೊಂಡು ಮಲಗಿದ್ದ. ಎರಡು ವರ್ಷ ಟಕ್ ಟಕ್, ಟಕ್ ಟಕ್. ಪಿ.ಯು.ಸಿ. ಎರಡನೇ ವರ್ಷದಾಗ ಮಾರ್ಕ್ಸ್ ಕಡಿಮಿ ಬಂದ್ವು. ಅಂವಾ ಟ್ಯೂಷನ್‌ಗೆ ಹೋದಾಗ ನಾನು ಹಳೇ ಪೇಪರಿನ ಜೋಡಿ ಆ ಗಿಟಾರನ್ನ ಮೋಡಕಾದವಂಗ ಹಾಕಿದೆ. ಎಲ್ಲಾ ಕೂಡಿ ನಲವತ್ತು ರೂಪಾಯಿ. ಬಂದು ಹುಡುಕಿದ, ಕೇಳಿದ, ಹೇಳಿದೆ. "ಆತು" ಅಂದ. ಅಷ್ಟ. ಅವತ್ತಿನಿಂದ ಇವತ್ತಿನ ತನಕಾ ಅದರ ಮಾತು ತಗದಿಲ್ಲ.

ಮೊನ್ನೆ ಈ ವಹಿ ಬರೆಯೂಮುಂದ ನಾನ ಕೇಳಿದೆ, ಆ ಆಟ ಮುಂದ ಏನಾತು ಅಂತ. ಹೇಳಿದ: ಆಸೆಗೆ ಬಿದ್ದು 2009ರ ಒಂದ ವರ್ಷದಾಗ ಒಂದರ ಮ್ಯಾಲೊಂದು ತಂದು ಹಾಕಿದ್ರು. ಅಮೇರಿಕಾದಾಗ ಮಂದಿ ಕೈಯಾಗ ರೊಕ್ಕಾ ಇರದ ಕಾಲ. ಮನಿ ತುಂಬ ಪ್ಲಾಸ್ಟಿಕ್ ಡ್ರಮ್ಮು, ಗಿಟಾರು ಇಡಲಿಕ್ಕೂ ಜಾಗಾ ಇಲ್ಲ. 2011ರ ಫೆಬ್ರವರಿಯೊಳಗ ಆಕ್ಟಿವಿಷನ್‌ನವರು ಗಿಟಾರ್ ಹೀರೋ ವಿಭಾಗನ ಮುಚ್ಚಿ ಬಿಟ್ರು. ಆ ಹೊತ್ತಿಗೆ ಟೋನಿ ಹಾಕ್ ಆಟಕ್ಕೂ ಪ್ಲಾಸ್ಟಿಕ್ ಹಲಗಿ ಮಾಡಿ ಮಾರಲಿಕ್ಕೆ ನೋಡಿ ಸೋತಿದ್ರು. "ನೀ ಮೋಡಕಾಕ್ಕ ಹಾಕಿದಾಗನ ಅವ್ರೂ ಹಾಕಿದ್ರವ್ವಾ" ಅಂದ. ನನ್ನ ಸಮಾಧಾನಕ್ಕ ಅಂದಾನ ಅಂತ ಗೊತ್ತಾತು. ನನ್ನ ಕಣ್ಣಾಗ ನೀರು ಬಂತು, ಉಳ್ಳಾಗಡ್ಡಿ ಹೆಚ್ಚಲಿಕ್ಕೆ ಕೂತಿದ್ದೆ, ಪಾರಾದೆ.

"ಅದನ್ನ ಆಡಿ ಏನು ಕಲ್ತಿ?" ಅಂತ ಕೇಳಿದೆ, ಈ ಸಲ ಬೈಲಿಕ್ಕಲ್ಲ. ಅಂದ, "ಗಿಟಾರ್ ಬಾರಸೂದು ಕಲೀಲಿಲ್ಲ. ಆದ್ರ ಹಾಡಿನೊಳಗ ಯಾವ ವಾದ್ಯ ಯಾವಾಗ ಬರ್ತದ ಅಂತ ಬ್ಯಾರೆ ಬ್ಯಾರೆ ಕೇಳಲಿಕ್ಕೆ ಕಲ್ತೆ. ಎಲ್ಲಾ ಈ ಆಟ ಒಂದ ಅವ್ವಾ. ಗಾಡಿ ಯಾವಾಗ ತಿರವಬೇಕು, ಹಲಗಿ ಯಾವಾಗ ನೆಲಕ್ಕ ಹಚ್ಚಬೇಕು, ಗುಂಡಿ ಯಾವಾಗ ಒತ್ತಬೇಕು. ಆ ಗಳಿಗಿ ತಪ್ಪಬಾರದು."

ಇದನ್ನ ನಾನು ಎಲ್ಲೋ ಕೇಳೇನಿ ಅನಿಸ್ತು. ನಮ್ಮಪ್ಪ ತಬಲಾ ಬಾರಸ್ತಿದ್ರು. ತೀನ್‌ತಾಲದ ಹದಿನಾರು ಮಾತ್ರಾ ಎಲ್ಲಿ ಬೇಕಾದಲ್ಲೆ ಅಲೆದಾಡಿ ಬಂದ್ರೂ ಸಮ್‌ಗೆ ಸರಿಯಾಗಿ ಬಂದು ಬೀಳಬೇಕು ಅಂತಿದ್ರು. ಅವರಿಗೂ ನಮ್ಮಜ್ಜಿ, "ಬಡದ್ರ ಹೊಟ್ಟಿ ತುಂಬ್ತದೇನು?" ಅಂತಿದ್ದಳಂತ. ಹೊಟ್ಟಿ ತುಂಬಲಿಲ್ಲ ಖರೆ. ನೌಕರಿ ಹೋಗಿ ಆರು ತಿಂಗಳು ಮನ್ಯಾಗ ಕೂತಾಗ ಅಪ್ಪ ಮುಂಜಾನೆ ಎದ್ದು ತಬಲಾದ ಮುಂದನ ಕೂಡ್ತಿದ್ರು, ಅದು ನನಗ ನೆನಪದ. ಅದನ್ನ ನಾನು ಮೋಡಕಾಕ್ಕ ಹಾಕಿಲ್ಲ, ಇನ್ನೂ ದೇವರ ಖೋಲ್ಯಾಗ ಗವಸಣಗಿ ಹೊಚ್ಚಿ ಇಟ್ಟೇನಿ.

ಮರದಿನಾ ಪಮ್ಯಾ ಹೊಸಾ ಮಷೀನಿನಾಗ ಆ ಪರಪ್ಪನ್ನ ಹಾಕಿ ನನ್ನ ಕೈಯಾಗ ರಿಮೋಟ್ ಕೊಟ್ಟ. ಕೋಳಿ ಮುಂದ ನಿಂತೆ. ಮೂವತ್ತು ವರ್ಷ ಅಡಗಿ ಮಾಡೇನಿ, ಕೋಳಿ ನನಗ "ಭಾಳ ಕೆಟ್ಟ" ಅಂತ ಮಾರ್ಕ್ಸ್ ಕೊಟ್ಟು ಹೊರಗ ಹಾಕಿತು! ನಾಲ್ಕು ಸಲ ಹಾಕಿತು. ಪಮ್ಯಾ ಹೇಳಿದ: ಈಗಿನ ತೆಳ್ಳನ್ನ ಟಿ.ವಿ.ಯೊಳಗ ಚಿತ್ರ ಕಣ್ಣಿಗೆ ಬೀಳೂದು ಒಂದು ಎಳಿಯಷ್ಟು ತಡಾ, ಹಳೇ ಡಬ್ಬಾ ಟಿ.ವಿ.ಯೊಳಗ ಹಂಗಿರಲಿಲ್ಲ, ಅದಕ್ಕ ತಾಳ ತಪ್ತದ, ಕಣ್ಣು ಬಿಟ್ಟು ಕಿವಿ ನಂಬು ಅಂತ. ಕಣ್ಣು ಮುಚ್ಕೊಂಡು ಬೆರಳಿನಾಗ ಮಾತ್ರಾ ಎಣಿಸ್ಕೋತ ಒತ್ತಿದೆ. ಐದನೇ ಸಲಕ್ಕ ಕೇಕ್ ಆತು. ಪಮ್ಯಾ ಚಪ್ಪಾಳಿ ಹೊಡದ.

ಈಗ ವೈನಿಗೆ ಸರಿಯಾಗಿ ಉತ್ತರಾ ಕೊಡ್ತೇನಿ. ಹೌದ್ರಿ ವೈನಿ, ಮೂವತ್ತೆರಡು ವರ್ಷದ ಮಗಾ ಆಡ್ತಾನ. ಮುಂಜಾನೆ ಎದ್ದು ಅರ್ಜಿ ಹಾಕ್ತಾನ, ಮಧ್ಯಾಹ್ನ ಫೋನಿನ್ಯಾಗ ಇಂಟರ್‌ವ್ಯೂ ಕೊಡ್ತಾನ, ಸಂಜಿಮುಂದ ಒಂದು ತಾಸು ಆಡ್ತಾನ. ಮುಂದಿನ ವಾರ ಇನ್ನೆರಡು ಇಂಟರ್‌ವ್ಯೂ ಅವ, ನೀವೆಲ್ಲಾ ದೇವರಿಗೆ ಒಂದು ದೀಪಾ ಹಚ್ಚ್ರಿ.

ಮುಂದಿನ ಭಿಶಿ ಯಾರ ಮನ್ಯಾಗ ಇದ್ರೂ, ಒಮ್ಮೆ ನಮ್ಮನಿಗೆ ಬಂದು ಹೋಗ್ರಿ. ಒಬ್ಬೊಬ್ಬರನ್ನ ಆ ಕೋಳಿ ಮುಂದ ನಿಂದರಸ್ತೇನಿ. ಯಾರ ಕೇಕ್ ಮೊದಲು ಆಗ್ತದ ನೋಡೇ ಬಿಡೂಣು.